ದಿನಕ್ಕೊಂದು ಸಣ್ಣ ಪಾಠ, ಸಂಜೆಗೆ ಮೂರು ಸಾಲು

ಶಿಕ್ಷಕರು ಮತ್ತು ಪೋಷಕರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ ಇದು. ಬರೆದುಕೊಡಬೇಕೆಂದು ಕೆಲವರು ಕೇಳಿದ್ದರಿಂದ, ಅಂದು ಹೊತ್ತು ಸಾಲದೆ ಬಿಟ್ಟಿದ್ದ ವಿವರಗಳನ್ನೂ ಸೇರಿಸಿ ಇಲ್ಲಿ ಕೊಟ್ಟಿದ್ದೇನೆ.

ಹಿರಿಯರೇ, ಶಿಕ್ಷಕ ಮಿತ್ರರೇ, ಮಕ್ಕಳ ತಂದೆತಾಯಿಯರೇ,

ನಾನು ಬೆಳೆದ ಮನೆಯಲ್ಲಿ ಬೆಳಗಾದರೆ ರೇಡಿಯೊ ಹಾಕುವುದು ಒಲೆ ಹಚ್ಚುವಷ್ಟೇ ತಪ್ಪದ ಕೆಲಸವಾಗಿತ್ತು. ಆಕಾಶವಾಣಿಯಲ್ಲಿ ಚಿಂತನ ಎಂಬ ಕೆಲವೇ ನಿಮಿಷಗಳ ಕಾರ್ಯಕ್ರಮ ಬರುತ್ತಿತ್ತು. ಯಾರಾದರೂ ಹಿರಿಯರು ಸಹನೆಯ ಬಗ್ಗೆ, ಮಾತಿನ ಮಿತದ ಬಗ್ಗೆ, ಹಂಚಿ ತಿನ್ನುವ ಸುಖದ ಬಗ್ಗೆ ನಿಧಾನವಾಗಿ ನಾಲ್ಕು ಮಾತು ಹೇಳುತ್ತಿದ್ದರು. ಅಪ್ಪ ತಲೆದೂಗುತ್ತಿದ್ದರು, ಎಷ್ಟು ಚೆನ್ನಾಗಿ ಹೇಳಿದರಪ್ಪ ಎಂದು ಅಜ್ಜಿ ಅನ್ನುತ್ತಿದ್ದರು. ಅಷ್ಟರಲ್ಲೇ ಬಚ್ಚಲುಮನೆಗೆ ಮೊದಲು ಹೋಗುವವರು ಯಾರು ಎಂದು ನಾವು ಮಕ್ಕಳು ಕಿತ್ತಾಡಲು ಶುರು ಮಾಡುತ್ತಿದ್ದೆವು, ಸಹನೆಯ ಮಾತಿಗೆ ಈಗಷ್ಟೇ ತಲೆದೂಗಿದ್ದ ಅಪ್ಪ ನಮ್ಮ ಮೇಲೆ ರೇಗುತ್ತಿದ್ದರು. ಆ ಮಾತುಗಳಲ್ಲಿ ಕೊರತೆ ಇರಲಿಲ್ಲ, ನಮ್ಮ ಮನೆಯವರು ಕೆಟ್ಟವರೂ ಆಗಿರಲಿಲ್ಲ. ಕೇಳಿದ ಮಾತು ಮತ್ತು ನಡೆದ ದಿನ, ಇವೆರಡೂ ಒಂದನ್ನೊಂದು ಭೇಟಿಯಾಗುವ ಹೊತ್ತು ಮಾತ್ರ ನಮ್ಮ ದಿನಚರಿಯಲ್ಲಿ ಎಲ್ಲಿಯೂ ಇರಲಿಲ್ಲ.

ಮುಂದೆ ನಾನೂ ಪ್ರೌಢಶಾಲೆಯ ಶಿಕ್ಷಕನಾದೆ. ಪ್ರಾರ್ಥನೆಯ ಹೊತ್ತಿನಲ್ಲಿ ಒಂದು ನುಡಿಮುತ್ತು ಓದಿಸುವುದು, ಅದನ್ನೇ ಕರಿಹಲಗೆಯ ಮೂಲೆಯಲ್ಲಿ ಸೀಮೆಸುಣ್ಣದಿಂದ ಬರೆಸುವುದು ನಮ್ಮೆಲ್ಲರ ಶಾಲೆಗಳ ವಾಡಿಕೆ. ಒಂದು ಸಂಜೆ ಶಾಲೆ ಬಿಡುವ ಮುನ್ನ, ಹಲಗೆಗೆ ಬೆನ್ನು ಮಾಡಿ ನಿಲ್ಲಿಸಿ, ಇಂದಿನ ನುಡಿಮುತ್ತು ಯಾವುದು ಎಂದು ಮಕ್ಕಳನ್ನು ಕೇಳಿದೆ. ಹೇಳಿದವರು ಒಬ್ಬಿಬ್ಬರು, ಅವರಲ್ಲೊಬ್ಬ ಅದನ್ನು ಬರೆದ ಹುಡುಗ. ಆಮೇಲೆ ಅದೇ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಾಗ, ಆ ಮಾತನ್ನು ಆರಿಸಿ ಕೊಟ್ಟ ನನಗೂ ಅದು ಆ ದಿನದ ಯಾವ ಗಳಿಗೆಯಲ್ಲೂ ನೆನಪಾಗಿರಲಿಲ್ಲವೆಂಬುದು ತಿಳಿಯಿತು. ಇಂದು ನಾನು ಹೇಳಬೇಕೆಂದಿರುವುದು ಆ ಸಂಜೆಯಿಂದ ಹುಟ್ಟಿದ್ದು. ಹಿನ್ನೋಟವಿಲ್ಲದ ಪಾಠ ಕಿವಿಯಲ್ಲೇ ಉಳಿಯುತ್ತದೆ. ಇದು ಎಲ್ಲರೂ ಒಪ್ಪುವ ಮಾತು. ಆದರೆ ಇದರ ಇನ್ನೊಂದು ಮಗ್ಗುಲನ್ನು ನಾವು ಅಷ್ಟಾಗಿ ಗಮನಿಸಿಲ್ಲ: ಪಾಠವಿಲ್ಲದ ಹಿನ್ನೋಟವೂ ಅಷ್ಟೇ ವ್ಯರ್ಥ, ಒಮ್ಮೊಮ್ಮೆ ಅಪಾಯಕರ. ಅಳತೆಗೋಲಿಲ್ಲದೆ ತನ್ನನ್ನು ತಾನು ನೋಡಿಕೊಳ್ಳಲು ಕುಳಿತವನು ತನ್ನ ನೋವುಗಳನ್ನೇ ಮತ್ತೆ ಮತ್ತೆ ಮೆಲುಕು ಹಾಕುತ್ತಾನೆ. ಕನ್ನಡದಲ್ಲಿ ಅದಕ್ಕೆ ಹಳಹಳಿಕೆ ಎಂಬ ತಕ್ಕ ಹೆಸರಿದೆ. ತನ್ನರಿವು ಎಂಬುದು ಬೇರೆ, ಹಳಹಳಿಕೆ ಬೇರೆ.

ಈ ಎರಡು ಭಾಗಗಳನ್ನೂ ಜೋಡಿಸಿಕೊಂಡಿದ್ದ ಒಬ್ಬ ಪುರಾತನನಿಂದ ಆರಂಭಿಸುತ್ತೇನೆ. ರೋಮಿನ ಸೆನೆಕ ಕ್ರಿಸ್ತಶಕ ಮೊದಲ ಶತಮಾನದವನು, ಕ್ರಿ.ಶ. 65ರಲ್ಲಿ ಚಕ್ರವರ್ತಿ ನೀರೊನ ಆಜ್ಞೆಯಂತೆ ಪ್ರಾಣ ಬಿಡಬೇಕಾಗಿ ಬಂದವನು. ಬದುಕಿನ ಕೊನೆಯ ವರ್ಷಗಳಲ್ಲಿ ಅವನು ಲುಸಿಲಿಯಸ್ ಎಂಬ ಗೆಳೆಯನಿಗೆ ಬರೆದ 124 ಪತ್ರಗಳು ನಮಗೆ ಉಳಿದಿವೆ. ಎರಡನೆಯ ಪತ್ರದಲ್ಲೇ ಅವನು ಓದಿನ ಕ್ರಮವನ್ನು ಹೇಳುತ್ತಾನೆ. ಹತ್ತಾರು ಪುಸ್ತಕಗಳನ್ನು ಅಲ್ಲಿಷ್ಟು ಇಲ್ಲಿಷ್ಟು ಓದುವವನು ಸದಾ ತಿರುಗಾಟದಲ್ಲಿರುವವನಂತೆ. ಅವನಿಗೆ ಪರಿಚಿತರು ಬಹಳ, ಸ್ನೇಹಿತರು ಯಾರೂ ಇಲ್ಲ. ಮತ್ತೆ ಮತ್ತೆ ಕಿತ್ತು ನೆಟ್ಟ ಸಸಿ ಚೇತರಿಸಿಕೊಳ್ಳುವುದಿಲ್ಲ. ಆದ್ದರಿಂದ ದಿನವೂ ಬಹಳಷ್ಟರ ಮೇಲೆ ಕಣ್ಣಾಡಿಸಿದರೂ ಒಂದೇ ಒಂದು ವಿಚಾರವನ್ನು ಆರಿಸಿಕೊಂಡು ಅಂದೇ ಅರಗಿಸಿಕೊಳ್ಳಬೇಕು ಎಂಬುದು ಅವನ ಸಲಹೆ. ಹಾಗೆ ಹೇಳಿ ಅವನು ಸುಮ್ಮನಾಗಲಿಲ್ಲ. ಮೊದಮೊದಲ ಪತ್ರಗಳ ಕೊನೆಯಲ್ಲಿ ಗೆಳೆಯನಿಗೆ ಒಂದು ಸಣ್ಣ ಮಾತನ್ನು ಅಂದಿನ ಕಾಣಿಕೆಯೆಂಬಂತೆ ಇಡುತ್ತಾ ಹೋದ. ಅವುಗಳಲ್ಲಿ ಬಹಳಷ್ಟು ಎಪಿಕ್ಯೂರಸನವು, ಎಂದರೆ ಸೆನೆಕನ ಸ್ವಂತ ಸ್ಟೋಯಿಕ್ ಪಂಥಕ್ಕೆ ಎದುರಾದ ಪಂಥದ ಗುರುವಿನವು. ಎದುರಾಳಿಯ ಪಾಳೆಯಕ್ಕೆ ತಾನು ಪಕ್ಷ ಬಿಟ್ಟವನಾಗಿ ಹೋಗುವುದಿಲ್ಲ, ಬೇಹಿನವನಾಗಿ ಹೋಗುತ್ತೇನೆ ಎಂದು ಅವನು ವಿವರಣೆಯನ್ನೂ ಕೊಡುತ್ತಾನೆ.

ಇದು ಪಾಠದ ಭಾಗವಾಯಿತು. ಹಿನ್ನೋಟದ ಭಾಗ ಕೋಪವನ್ನು ಕುರಿತ ಅವನ ಬರಹದಲ್ಲಿದೆ. ಸೆಕ್ಸ್ಟಿಯಸ್ ಎಂಬ ಹಿಂದಿನ ತತ್ತ್ವಜ್ಞನೊಬ್ಬ ರಾತ್ರಿ ಮಲಗುವ ಮುನ್ನ ತನ್ನ ಮನಸ್ಸಿಗೆ ಮೂರು ಪ್ರಶ್ನೆಗಳನ್ನು ಹಾಕುತ್ತಿದ್ದನಂತೆ: ಇಂದು ನಿನ್ನ ಯಾವ ಕೆಡುಕನ್ನು ವಾಸಿ ಮಾಡಿಕೊಂಡೆ, ಯಾವ ದೋಷಕ್ಕೆ ಎದುರು ನಿಂತೆ, ಯಾವ ಭಾಗದಲ್ಲಿ ನಿನ್ನೆಗಿಂತ ಮೇಲಾದೆ? ಸೆನೆಕ ಅದನ್ನೇ ತನ್ನ ಅಭ್ಯಾಸವಾಗಿಸಿಕೊಂಡ. ದೀಪ ಆರಿಸಿದ ಮೇಲೆ, ಗಂಡನ ಈ ಅಭ್ಯಾಸವನ್ನು ಬಲ್ಲ ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಇಡೀ ದಿನವನ್ನು ತಿರುವಿ ನೋಡುತ್ತಿದ್ದನಂತೆ. ಆ ಲೆಕ್ಕದಲ್ಲಿ ಬರುವ ಸಂಗತಿಗಳು ಎಷ್ಟು ಸಣ್ಣವು ಎಂಬುದನ್ನು ನೀವು ಗಮನಿಸಬೇಕು. ಒಂದು ವಾದದಲ್ಲಿ ಜಗಳಗಂಟನಂತೆ ಮಾತಾಡಿದೆ. ಒಬ್ಬನನ್ನು ಬೇಕಾದುದಕ್ಕಿಂತ ಖಾರವಾಗಿ ತಿದ್ದಲು ಹೋಗಿ ಅವನನ್ನು ತಿದ್ದುವ ಬದಲು ನೋಯಿಸಿದೆ. ಇನ್ನು ಹಾಗೆ ಮಾಡಬೇಡ, ಈ ಸಲ ನಿನ್ನನ್ನು ಕ್ಷಮಿಸಿದ್ದೇನೆ. ತನ್ನಿಂದ ತಾನು ಏನನ್ನೂ ಮುಚ್ಚಿಡುವುದಿಲ್ಲ, ತನಗೆ ತಾನು ಶಿಕ್ಷೆಯನ್ನೂ ವಿಧಿಸುವುದಿಲ್ಲ. ಸೆನೆಕ ನಿಷ್ಕಳಂಕ ಮನುಷ್ಯನೇನಲ್ಲ. ನೀರೊನ ಗುರುವೂ ಸಲಹೆಗಾರನೂ ಆಗಿದ್ದವನು, ಸರಳತೆಯನ್ನು ಬೋಧಿಸುತ್ತಲೇ ಅಪಾರ ಸಂಪತ್ತು ಕೂಡಿಹಾಕಿದವನು. ಆ ಕಾರಣಕ್ಕೇ ಅವನ ರಾತ್ರಿಯ ಲೆಕ್ಕ ನನಗೆ ಇನ್ನಷ್ಟು ಹತ್ತಿರದ್ದೆನಿಸುತ್ತದೆ. ಸಂತರಲ್ಲದವರಿಗೆ ತಾನೇ ಈ ಅಭ್ಯಾಸ ಬೇಕಾಗಿರುವುದು.

ಇದೇ ಜೋಡಣೆ ನಮ್ಮ ನೆಲದಲ್ಲಿ ಇದಕ್ಕಿಂತಲೂ ಸೂಕ್ಷ್ಮವಾದ ಕ್ರಮವಾಗಿ ಬೆಳೆದುಬಂದಿದೆ. ಶ್ರವಣಬೆಳಗೊಳ, ಮೂಡುಬಿದಿರೆ, ಹೊಂಬುಜಗಳ ನಾಡಿನವರಾದ ನಮಗೆ ಜೈನರ ಪ್ರತಿಕ್ರಮಣ ಎಂಬ ಮಾತು ಹೊಸದಲ್ಲ. ಆದರೆ ಅದನ್ನು ತಪ್ಪೊಪ್ಪಿಗೆ ಎಂದಷ್ಟೇ ತಿಳಿದುಕೊಂಡವರು ಬಹಳ ಮಂದಿ. ಆ ಪದದ ಅರ್ಥ ಹಿಂದಕ್ಕೆ ಹೆಜ್ಜೆಯಿಡುವುದು, ದಾರಿ ತಪ್ಪಿ ಹೋದಲ್ಲಿಂದ ಮರಳುವುದು. ಜೈನ ಆಚಾರಗ್ರಂಥಗಳು ಸಾಧುಗಳಿಗೆ ಆರು ನಿತ್ಯಕರ್ಮಗಳನ್ನು ಹೇಳುತ್ತವೆ. ಅವುಗಳನ್ನು ಷಡಾವಶ್ಯಕಗಳೆಂದು ಕರೆಯುತ್ತಾರೆ. ಮೊದಲನೆಯದು ಸಾಮಾಯಿಕ, ಮನಸ್ಸನ್ನು ಸಮಸ್ಥಿತಿಗೆ ತಂದು ನಿಲ್ಲಿಸುವುದು; ಗೃಹಸ್ಥರೂ ಆಚರಿಸುವ ಸಾಮಾಯಿಕಕ್ಕೆ ವಾಡಿಕೆಯಲ್ಲಿ ಒಂದು ಮುಹೂರ್ತದ, ಎಂದರೆ ಎರಡು ಘಳಿಗೆಯ, 48 ನಿಮಿಷಗಳ ಅವಧಿ. ಎರಡನೆಯದು ಇಪ್ಪತ್ತನಾಲ್ಕು ತೀರ್ಥಂಕರರ ಸ್ತವನ. ಮೂರನೆಯದು ವಂದನೆ. ಪ್ರತಿಕ್ರಮಣ ಬರುವುದು ನಾಲ್ಕನೆಯದಾಗಿ. ಇನ್ನು ಮುಂದೆ ಇದನ್ನು ಬಿಡುತ್ತೇನೆ ಎನ್ನುವ ಪ್ರತ್ಯಾಖ್ಯಾನ ಮತ್ತು ದೇಹದ ಮೋಹ ಬಿಟ್ಟು ನಿಲ್ಲುವ ಕಾಯೋತ್ಸರ್ಗ ಅದರ ನಂತರದವು.

ಈ ಅನುಕ್ರಮದ ಮುಂದೆ ನಾನು ಬಹಳ ಕಾಲ ನಿಂತಿದ್ದೇನೆ. ತನ್ನ ತಪ್ಪನ್ನು ನೋಡಿಕೊಳ್ಳುವ ಕೆಲಸವನ್ನು ಅವರು ಮೊದಲಿಗೇಕೆ ಇಡಲಿಲ್ಲ? ಕಲಕಿದ ನೀರಿನಲ್ಲಿ ತಳ ಕಾಣುವುದಿಲ್ಲ, ಹಾಗಾಗಿ ಮೊದಲು ಮನಸ್ಸು ತಿಳಿಯಾಗಬೇಕು. ಆಮೇಲೆ ದೃಷ್ಟಿ ತನಗಿಂತ ಹಿರಿದಾದುದರ ಕಡೆಗೆ ಹೋಗಬೇಕು, ಅಳತೆಗೋಲು ಕೈಗೆ ಬರಬೇಕು. ಅದು ಬಂದ ನಂತರವೇ ತನ್ನನ್ನು ಅಳೆದುಕೊಳ್ಳಬೇಕು, ಅಳೆದ ಮೇಲೆ ಮುಂದಿನ ಹೆಜ್ಜೆಯೊಂದನ್ನು ಗೊತ್ತು ಮಾಡಿಕೊಳ್ಳಬೇಕು. ಇದು ನನ್ನ ಓದು. ಶಾಸ್ತ್ರ ಬಲ್ಲವರು ಬೇರೆ ಕಾರಣಗಳನ್ನು ಕೊಡಬಹುದು. ಅವಧಿಯ ವಿಚಾರದಲ್ಲಿಯೂ ಅವರ ಎಚ್ಚರ ದೊಡ್ಡದು. ಹಗಲಿನದಕ್ಕೆ ದೈವಸಿಕ, ಇರುಳಿನದಕ್ಕೆ ರಾತ್ರಿಕ, ಪಕ್ಷಕ್ಕೊಮ್ಮೆ ಪಾಕ್ಷಿಕ, ನಾಲ್ಕು ತಿಂಗಳಿಗೊಮ್ಮೆ ಚಾತುರ್ಮಾಸಿಕ, ವರ್ಷಕ್ಕೊಮ್ಮೆ ಸಾಂವತ್ಸರಿಕ ಪ್ರತಿಕ್ರಮಣಗಳಿವೆ. ಇವುಗಳ ಜೊತೆಗೆ ಐರ್ಯಾಪಥಿಕ ಎಂಬುದೊಂದಿದೆ: ನಡೆದು ಬಂದ ದಾರಿಯಲ್ಲಿ ಕಾಲಿಗೆ ಸಿಕ್ಕ ಸಣ್ಣ ಜೀವಗಳಿಗೆ ನನ್ನಿಂದ ನೋವಾಯಿತೇ ಎಂದು ನೆನೆಯುವುದು. ಹೋಗಿ ಬಂದ ಒಂದು ನಡಿಗೆಗೂ ಹಿನ್ನೋಟ ಸಲ್ಲುತ್ತದೆ ಎಂಬ ಈ ಭಾವನೆಗೆ ಸಮನಾದುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹದಿನೆಂಟನೆಯ ಶತಮಾನದ ಅಮೆರಿಕದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮಾಡಿದ ಪ್ರಯೋಗವನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಹದಿಮೂರು ಗುಣಗಳ ಪಟ್ಟಿ, ವಾರಕ್ಕೊಂದು ಗುಣಕ್ಕೆ ವಿಶೇಷ ಗಮನ, ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಏಳು ದಿನಗಳ ಮನೆಗಳಲ್ಲಿ ತಪ್ಪಿಗೊಂದು ಕಪ್ಪು ಚುಕ್ಕೆ. ಹಳೆಯ ಚುಕ್ಕೆಗಳನ್ನು ಕೆರೆದು ಕೆರೆದು ಕಾಗದ ತೂತು ಬಿದ್ದಾಗ ಅವನು ದಂತದ ಹಾಳೆಗಳ ಮೇಲೆ ಗೆರೆ ಹಾಕಿಸಿಕೊಂಡು, ಸೀಸದಕಡ್ಡಿಯಿಂದ ಗುರುತು ಮಾಡಿ, ಒದ್ದೆ ಸ್ಪಂಜಿನಿಂದ ಒರೆಸುತ್ತಿದ್ದ. ಈ ಪ್ರಯೋಗದಲ್ಲಿ ನನಗೆ ಅತ್ಯಂತ ಉಪಯುಕ್ತವಾಗಿ ಕಂಡದ್ದು ಹದಿಮೂರನೆಯ ಗುಣದ ಕಥೆ. ಮೊದಲ ಪಟ್ಟಿಯಲ್ಲಿ ಹನ್ನೆರಡೇ ಇದ್ದವು. ಕ್ವೇಕರ್ ಪಂಥದ ಗೆಳೆಯನೊಬ್ಬ, ಮಾತುಕತೆಯಲ್ಲಿ ನಿನ್ನ ಗರ್ವ ಎದ್ದು ಕಾಣುತ್ತದೆ ಎಂದು ಉದಾಹರಣೆಗಳ ಸಮೇತ ತೋರಿಸಿಕೊಟ್ಟ ಮೇಲೆ ಅವನು ವಿನಯವನ್ನು ಸೇರಿಸಿದ. ನಿಸ್ಸಂಶಯವಾಗಿ, ಖಂಡಿತವಾಗಿ ಎಂಬಂಥ ಪದಗಳನ್ನು ಬಳಸದಿರುವುದನ್ನು ರೂಢಿ ಮಾಡಿಕೊಂಡು, ನನಗೆ ಹೀಗೆ ಕಾಣುತ್ತದೆ ಎಂದು ಹೇಳತೊಡಗಿದ. ತನ್ನನ್ನು ಪ್ರತಿ ಸಂಜೆ ಪರೀಕ್ಷಿಸಿಕೊಳ್ಳಲು ಪಟ್ಟಿ ಮಾಡಿಟ್ಟವನ ಕಣ್ಣಿಗೂ ತನ್ನ ಗರ್ವ ಬಿದ್ದಿರಲಿಲ್ಲ, ಅದನ್ನು ಇನ್ನೊಬ್ಬರು ತೋರಿಸಬೇಕಾಯಿತು. ತಿದ್ದುಪಡಿಯೂ ಅಷ್ಟೇ ನಿರ್ದಿಷ್ಟವಾಗಿತ್ತು. ಗರ್ವ ಬಿಡುತ್ತೇನೆ ಎಂದು ಅವನು ಶಪಥ ಮಾಡಲಿಲ್ಲ. ಕೆಲವು ಪದಗಳನ್ನು ಬಿಟ್ಟ.

ನಮ್ಮ ದೋಷ ನಮಗೇಕೆ ಕಾಣುವುದಿಲ್ಲ? ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಮನಃಶಾಸ್ತ್ರ ಕೊಟ್ಟ ಉತ್ತರ ಸ್ವಲ್ಪ ಕಹಿಯಾದದ್ದು. 1977ರಲ್ಲಿ ರಿಚರ್ಡ್ ನಿಸ್ಬೆಟ್ ಮತ್ತು ತಿಮೊತಿ ವಿಲ್ಸನ್ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ಅಂಗಡಿಯ ಪ್ರಯೋಗವಿದೆ. ಮೇಜಿನ ಮೇಲೆ ಸಾಲಾಗಿ ನಾಲ್ಕು ಜೊತೆ ಉದ್ದನೆಯ ಕಾಲುಚೀಲಗಳನ್ನಿಟ್ಟು, ಇವುಗಳಲ್ಲಿ ಯಾವುದು ಉತ್ತಮ ಎಂದು ಬಂದವರನ್ನು ಕೇಳಿದರು. ನಾಲ್ಕೂ ಒಂದೇ ಬಗೆಯವು. ಆದರೂ ಬಲತುದಿಯಲ್ಲಿದ್ದ ಜೊತೆಯನ್ನು ಆರಿಸಿದವರು ಎಲ್ಲಕ್ಕಿಂತ ಹೆಚ್ಚು. ಏಕೆ ಎಂದು ಕೇಳಿದರೆ ನೇಯ್ಗೆ, ಗುಣಮಟ್ಟ ಎಂದು ಕಾರಣ ಹೇಳಿದರು. ಇಟ್ಟ ಜಾಗ ಕಾರಣವೆಂದು ತಾನಾಗಿ ಹೇಳಿದವರು ಒಬ್ಬರೂ ಇಲ್ಲ. ಅದೇ ವಿಲ್ಸನ್, ಜೊನಾಥನ್ ಸ್ಕೂಲರ್ ಅವರೊಡನೆ 1991ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ಸ್ಟ್ರಾಬೆರಿ ಜಾಮ್‌ಗಳ ರುಚಿ ನೋಡಿದವರಲ್ಲಿ ತಮ್ಮ ಇಷ್ಟಾನಿಷ್ಟಗಳ ಕಾರಣಗಳನ್ನು ವಿಶ್ಲೇಷಿಸುತ್ತಾ ಕುಳಿತವರ ಆಯ್ಕೆ, ಸುಮ್ಮನೆ ರುಚಿ ನೋಡಿ ಹೇಳಿದವರ ಆಯ್ಕೆಗಿಂತ ತಜ್ಞರ ಅಭಿಪ್ರಾಯದಿಂದ ಹೆಚ್ಚು ದೂರ ಸರಿಯಿತು.

ಇದನ್ನು ಓದಿ ಆತ್ಮಾವಲೋಕನವೇ ಸುಳ್ಳು ಎಂದು ತೀರ್ಮಾನಿಸಬೇಕಾಗಿಲ್ಲ. ಏಕೆ ಎಂಬ ಪ್ರಶ್ನೆಯನ್ನು ಆತುರದಲ್ಲಿ ಕೇಳಿದರೆ ಮನಸ್ಸು ಒಪ್ಪವಾದ ಕಥೆಯೊಂದನ್ನು ಕಟ್ಟಿಕೊಡುತ್ತದೆ ಎಂಬಷ್ಟನ್ನು ನಾನು ಇದರಿಂದ ತೆಗೆದುಕೊಂಡಿದ್ದೇನೆ. ಆದ್ದರಿಂದ ಸಂಜೆಯ ಬರವಣಿಗೆಯಲ್ಲಿ ಏಕೆ ಎಂಬುದನ್ನು ಕಡೆಗಿಟ್ಟು ಏನು ಎಂಬುದನ್ನು ಮುಂದಿಡಬೇಕು: ಏನು ನಡೆಯಿತು, ನಾನು ಏನು ಮಾಡಿದೆ, ಆಗ ಮನಸ್ಸಿನಲ್ಲಿ ಏನಿತ್ತು. ಕಾರಣ ತಾನಾಗಿ ಬರುವುದಾದರೆ ಬರಲಿ. ಮನಃಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಿಂದ ನಡೆಸಿದ ಬರವಣಿಗೆಯ ಪ್ರಯೋಗಗಳು ಇದಕ್ಕೆ ಪೂರಕವಾಗಿವೆ. ಸತತ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ಮನಸ್ಸನ್ನು ಕಾಡುವ ಸಂಗತಿಯನ್ನು ಬರೆಯುವ ಕ್ರಮವದು. ಆ ಬರಹಗಳ ಪದಗಳನ್ನು ಎಣಿಸಿ ನೋಡಿದಾಗ, ಅದರಿಂದಾಗಿ, ಈಗ ತಿಳಿಯಿತು ಎಂಬಂಥ ಕಾರಣದ ಮತ್ತು ಅರಿವಿನ ಪದಗಳು ದಿನದಿಂದ ದಿನಕ್ಕೆ ಹೆಚ್ಚುತ್ತಾ ಹೋದವರಿಗೆ ಹೆಚ್ಚಿನ ಪ್ರಯೋಜನವಾದದ್ದು ಕಂಡುಬಂತು. ಕಾರಣವು ಮೊದಲ ದಿನವೇ ಸಿದ್ಧವಾಗಿ ಬರುವುದು ಒಂದು, ಬರೆಯುತ್ತಾ ಬರೆಯುತ್ತಾ ಮೂಡಿಬರುವುದು ಮತ್ತೊಂದು.

ಮನಸ್ಸಿನಲ್ಲಿ ಏನಿತ್ತು ಎಂಬ ಮೂರನೆಯ ಪ್ರಶ್ನೆಗೆ ಉತ್ತರಿಸಲು ಪದಗಳು ಬೇಕು. ನಾನು ಮಕ್ಕಳಿಗೆ ಈ ಪ್ರಶ್ನೆ ಕೊಟ್ಟಾಗ ಬಂದ ಉತ್ತರಗಳು ಹೆಚ್ಚುಕಡಿಮೆ ಎರಡೇ: ಬೇಜಾರು ಮತ್ತು ಟೆನ್ಷನ್. ಪರೀಕ್ಷೆಯ ಮುಂಚೆ ಟೆನ್ಷನ್, ಗೆಳತಿ ಮಾತು ಬಿಟ್ಟರೆ ಟೆನ್ಷನ್, ಅಪ್ಪ ಬೈದರೆ ಬೇಜಾರು, ಮಳೆ ಬಂದು ಆಟ ನಿಂತರೂ ಬೇಜಾರು. ಎಂಥ ಸಂಪತ್ತನ್ನು ನಾವು ಮಕ್ಕಳ ಕೈಗೆ ದಾಟಿಸದೆ ಬಿಟ್ಟಿದ್ದೇವೆ ಎಂದು ಆಗ ನೋವಾಯಿತು. ನಮ್ಮ ಭಾಷೆಯಲ್ಲಿ ಸಿಟ್ಟು ಇದೆ, ಮುನಿಸು ಇದೆ, ಎರಡೂ ಒಂದಲ್ಲ. ಮುನಿಸಿಗೆ ಸಲಿಗೆ ಬೇಕು, ಒಳಗೆಲ್ಲೋ ಪ್ರೀತಿಯ ಹಕ್ಕು ಬೇಕು. ಬಸ್ಸಿನಲ್ಲಿ ಕಾಲು ತುಳಿದ ಅಪರಿಚಿತನ ಮೇಲೆ ಸಿಟ್ಟು ಬಂದೀತೇ ಹೊರತು ಮುನಿಸು ಬರಲಾರದು. ದಿಗಿಲು ಹೊರಗಿನಿಂದ ಥಟ್ಟನೆ ಬಂದು ಹಿಡಿಯುವಂಥದು. ಅಳುಕು ಒಳಗಿನದು, ತನ್ನ ಮೇಲೆ ತನಗೆ ಭರವಸೆ ಸಾಲದಿದ್ದಾಗ ಹುಟ್ಟುವುದು. ಮುಜುಗರ, ನಾಚಿಕೆ, ಸಂಕೋಚ, ಅವಮಾನ ಇವು ನಾಲ್ಕೂ ತಲೆ ತಗ್ಗಿಸುವಂತೆ ಮಾಡುತ್ತವೆ, ಆದರೆ ನಾಲ್ಕಕ್ಕೂ ಔಷಧ ಬೇರೆ ಬೇರೆ. ಕಳವಳ, ತಳಮಳ, ದುಗುಡ, ಕೊರಗು, ಹಳಹಳಿಕೆ, ಕರುಬು, ಹೊಟ್ಟೆಕಿಚ್ಚು, ಬಿಗುಮಾನ, ಬಿಂಕ. ನಾನು ದಿನಕ್ಕೊಂದು ಸಣ್ಣ ಪಾಠವೆಂದು ಶುರು ಮಾಡಿದ್ದು ಇಲ್ಲಿಂದಲೇ. ದಿನಕ್ಕೆ ಎರಡು ಪದ, ಅವುಗಳ ನಡುವಣ ವ್ಯತ್ಯಾಸ, ಒಂದೊಂದು ಉದಾಹರಣೆ. ಐದು ನಿಮಿಷ ಸಾಕಾಗುತ್ತಿತ್ತು.

ಕೊನೆಯ ತರಗತಿಯ ಕೊನೆಯ ಹತ್ತು ನಿಮಿಷಗಳನ್ನು ಇದಕ್ಕೆ ಮೀಸಲಿಟ್ಟೆ. ಐದು ನಿಮಿಷ ಪಾಠ, ಐದು ನಿಮಿಷ ಬರವಣಿಗೆ. ಪ್ರತಿಯೊಬ್ಬರಿಗೂ ತೆಳುವಾದ ಒಂದು ನೋಟ್‌ಬುಕ್, ದಿನಕ್ಕೆ ಮೂರೇ ಸಾಲು. ಆಗ ನಾನು ಮಾಡಿದ ಒಂದು ದೊಡ್ಡ ತಪ್ಪನ್ನು ಶಿಕ್ಷಕ ಮಿತ್ರರು ಮಾಡಬಾರದೆಂಬ ಆಸೆಯಿಂದ ಹೇಳುತ್ತಿದ್ದೇನೆ. ಶನಿವಾರ ಆ ಪುಸ್ತಕಗಳನ್ನೆಲ್ಲ ಕಟ್ಟಿಕೊಂಡು ಮನೆಗೆ ಒಯ್ದು, ಕೆಂಪು ಶಾಯಿಯಲ್ಲಿ ಕಾಗುಣಿತ ತಿದ್ದಿ, ಕೆಳಗೆ ಉತ್ತಮ, ಇನ್ನೂ ಪ್ರಯತ್ನಿಸು ಎಂದು ಬರೆದು ಮರಳಿಸುತ್ತಿದ್ದೆ. ಎರಡು ತಿಂಗಳಲ್ಲಿ ಎಲ್ಲರ ಪುಸ್ತಕಗಳೂ ಒಂದೇ ಆಗಿಬಿಟ್ಟವು. ಇಂದು ತಮ್ಮನಿಗೆ ಸಹಾಯ ಮಾಡಿದೆ, ಮನಸ್ಸಿಗೆ ಸಂತೋಷವಾಯಿತು. ಇಂದು ಸುಳ್ಳು ಹೇಳಿದೆ, ಇನ್ನು ಹೇಳುವುದಿಲ್ಲ. ಮಕ್ಕಳು ನನಗಾಗಿ ಬರೆಯುತ್ತಿದ್ದರು. ತನ್ನನ್ನು ನೋಡಿಕೊಳ್ಳಲು ಕೊಟ್ಟ ಪುಟವನ್ನು ನಾನು ಪರೀಕ್ಷೆಯ ಉತ್ತರಪತ್ರಿಕೆಯಾಗಿಸಿದ್ದೆ.

ಮುಂದಿನ ವರ್ಷ ಓದುವುದನ್ನು ಬಿಟ್ಟೆ. ಪುಸ್ತಕ ನಿಮ್ಮ ಬಳಿಯೇ ಇರಲಿ, ಯಾರಿಗೂ ತೋರಿಸಬೇಕಾಗಿಲ್ಲ, ಹರಿದು ಹಾಕುವ ಹಕ್ಕೂ ನಿಮ್ಮದೇ ಎಂದೆ. ಬರೆಯುವ ಐದು ನಿಮಿಷ ನಾನೂ ಕುಳಿತು ನನ್ನ ಪುಸ್ತಕದಲ್ಲಿ ಬರೆದೆ. ಅವರು ಬರೆದರೋ ಇಲ್ಲವೋ ಎಂಬುದು ನನಗೆ ತಿಳಿಯುವ ದಾರಿಯೇ ಇಲ್ಲವಾಯಿತು. ಅದನ್ನು ಸಹಿಸಿಕೊಳ್ಳುವುದು ಶಿಕ್ಷಕನಿಗೆ ಸುಲಭವಲ್ಲ. ಕೆಲವು ತಿಂಗಳ ಮೇಲೆ ಹುಡುಗಿಯೊಬ್ಬಳು ತಾನಾಗಿಯೇ ಬಂದು, ಸರ್, ನನಗೆ ಅಕ್ಕನ ಮೇಲೆ ಸಿಟ್ಟು ಅಂತ ತಿಂಗಳಿಂದ ಬರೀತಾ ಇದ್ದೆ, ಅದು ಸಿಟ್ಟಲ್ಲ ಸರ್, ಎಂದು ಹೇಳಿ ನಿಂತಳು. ಅದು ಮತ್ತೇನು ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಪದವೊಂದು ಅವಳ ಕೈಗೆ ಸಿಕ್ಕಿದೆ ಎಂಬುದು ಅವಳ ಮುಖದಲ್ಲಿತ್ತು.

ನನ್ನ ಪುಸ್ತಕದ ವಿಷಯವನ್ನೂ ಹೇಳಬೇಕು. ಒಂದು ವಾರ ನಾನು ತೆಗೆದುಕೊಂಡ ಪಾಠ ಇಷ್ಟೇ: ಇನ್ನೊಬ್ಬರ ಮಾತು ಮುಗಿಯುವ ಮೊದಲೇ ಬಾಯಿ ಹಾಕುವುದನ್ನು ಗಮನಿಸು. ನಿಲ್ಲಿಸು ಎಂದಲ್ಲ, ಗಮನಿಸು ಎಂದು. ಸೋಮವಾರದಿಂದ ಶನಿವಾರದವರೆಗೆ ಸಂಜೆ ಕುಳಿತು ಲೆಕ್ಕ ಹಾಕಿದೆ. ಸಹೋದ್ಯೋಗಿಗಳ ಕೋಣೆಯಲ್ಲಿ ಹೆಚ್ಚು, ಮುಖ್ಯೋಪಾಧ್ಯಾಯರ ಮುಂದೆ ಒಮ್ಮೆಯೂ ಇಲ್ಲ, ಮನೆಯಲ್ಲಿ ಹೆಂಡತಿಯೊಡನೆ ಎಲ್ಲಕ್ಕಿಂತ ಹೆಚ್ಚು. ನಾನು ಉತ್ಸಾಹದಿಂದ ಬಾಯಿ ಹಾಕುವವನು ಎಂದು ಅದುವರೆಗೆ ನನ್ನನ್ನು ತಿಳಿದುಕೊಂಡಿದ್ದೆ. ಉತ್ಸಾಹವೇ ಆಗಿದ್ದರೆ ಅದು ಮುಖ್ಯೋಪಾಧ್ಯಾಯರ ಮುಂದೆಯೂ ಇರಬೇಕಿತ್ತು. ನಾನು ಯಾರಿಗೆ ಅಂಜುತ್ತೇನೆ, ಯಾರ ಮಾತನ್ನು ಲಘುವಾಗಿ ಎಣಿಸುತ್ತೇನೆ ಎಂಬ ಭೂಪಟವೇ ಆ ಆರು ದಿನಗಳ ಲೆಕ್ಕದಲ್ಲಿ ಬರೆದಿತ್ತು. ನೂರು ಉಪನ್ಯಾಸಗಳು ತಿಳಿಸದ ಸಂಗತಿ ಅದು. ಅದನ್ನು ಹೆಂಡತಿಗೆ ಹೇಳಿದಾಗ, ಇದು ನನಗೆ ಇಪ್ಪತ್ತು ವರ್ಷದಿಂದ ಗೊತ್ತು ಎಂದಳು.

ಇದನ್ನೆಲ್ಲ ಭಾನುವಾರ ಒಂದೆರಡು ಗಂಟೆ ಕುಳಿತು ಒಟ್ಟಿಗೆ ಮಾಡಬಾರದೇ ಎಂದು ಕೇಳುವವರಿದ್ದಾರೆ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಕಂಠಪಾಠ ಮಾಡಿ ನೆನಪು ಮತ್ತು ಮರೆವುಗಳನ್ನು ಅಳೆದು 1885ರಲ್ಲಿ ಪ್ರಕಟಿಸಿದ. ಒಂದೇ ದಿನ ಒಟ್ಟಿಗೆ 68 ಸಲ ಹೇಳಿಕೊಂಡು ಪಡೆದ ಫಲವನ್ನು, ಮೂರು ದಿನಗಳಿಗೆ ಹಂಚಿದರೆ 38 ಸಲದಲ್ಲೇ ಪಡೆಯಬಹುದೆಂದು ಅವನ ಲೆಕ್ಕ ತೋರಿಸಿತು. ಮಗ್ಗಿ ಕಲಿಸಿದ ನಮ್ಮ ಐಗಳಿಗೆ ಇದು ಲೆಕ್ಕವಿಲ್ಲದೆಯೂ ಗೊತ್ತಿತ್ತು. ಭಾನುವಾರದ ಹಿನ್ನೋಟಕ್ಕೆ ಇನ್ನೊಂದು ತೊಡಕಿದೆ: ಮಂಗಳವಾರದ ಸಿಟ್ಟು ಭಾನುವಾರಕ್ಕೆ ನಮ್ಮದೇ ಸಮರ್ಥನೆಯನ್ನು ತೊಟ್ಟು ಬಂದಿರುತ್ತದೆ. ಬಿಸಿಯಿರುವಾಗಲೇ ಮೂರು ಸಾಲು ಬರೆದಿಟ್ಟರೆ, ಭಾನುವಾರ ಅವನ್ನು ಓದುವ ಕೆಲಸಕ್ಕೆ ಬೆಲೆ ಬರುತ್ತದೆ. ಪಾಕ್ಷಿಕ ಪ್ರತಿಕ್ರಮಣ ದೈವಸಿಕದ ಜಾಗದಲ್ಲಿ ಬರುವುದಿಲ್ಲ, ಅದರ ಮೇಲೆ ಬರುತ್ತದೆ.

ನಡುವೆ ದಿನ ತಪ್ಪಿದರೆ ಎಲ್ಲವೂ ಹಾಳಾಯಿತೆಂದು ಕೈಬಿಡುವವರೇ ಹೆಚ್ಚು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಸೇರಿಸಿಕೊಂಡು ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಹಂತಕ್ಕೆ ಬರಲು ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕೆಂಬ ಅಂದಾಜು ಬಂದಿತು. ನಡುಮಧ್ಯದ ಅಂಕಿ 66. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಕೂಡುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ಹೀಗಾಗಿ ಇಪ್ಪತ್ತೊಂದೇ ದಿನದಲ್ಲಿ ಅಭ್ಯಾಸ ಎಂಬ ಜನಪ್ರಿಯ ಮಾತನ್ನು ನಂಬಿ ಇಪ್ಪತ್ತೆರಡನೆಯ ದಿನ ನಿರಾಶರಾಗಬೇಡಿ. ಹೊತ್ತು ಮತ್ತು ಜಾಗ ಬದಲಾಗದಿರಲಿ. ಸಂಜೆ ದೀಪ ಹಚ್ಚಿದ ಮೇಲೆ, ಇಲ್ಲವೇ ಊಟದ ತಟ್ಟೆ ತೊಳೆದಿಟ್ಟ ಮೇಲೆ ಎಂದು, ಮೊದಲೇ ನಡೆದುಬಂದಿರುವ ಕೆಲಸವೊಂದರ ಬಾಲಕ್ಕೆ ಇದನ್ನು ಕಟ್ಟಿಬಿಡಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. 1999ರಲ್ಲಿ ಪಾಲ್ ಟ್ರ್ಯಾಪ್ನೆಲ್ ಮತ್ತು ಜೆನಿಫರ್ ಕ್ಯಾಂಪ್‌ಬೆಲ್ ಎಂಬ ಸಂಶೋಧಕರು ತನ್ನ ಬಗ್ಗೆ ಯೋಚಿಸುವುದರಲ್ಲಿ ಎರಡು ಬಗೆಗಳಿವೆ ಎಂದು ತೋರಿಸಿದರು: ಕುತೂಹಲದಿಂದ ಹುಟ್ಟಿದ್ದು ಒಂದು, ಭಯ ಮತ್ತು ನಷ್ಟದ ಭಾವದಿಂದ ಹುಟ್ಟಿ ಸುತ್ತಿದಲ್ಲೇ ಸುತ್ತುವುದು ಇನ್ನೊಂದು. ಎರಡನೆಯದನ್ನೇ ನಾನು ಆಗಲೇ ಹಳಹಳಿಕೆ ಎಂದೆ. ವಾರಗಟ್ಟಲೆ ಒಂದೇ ಘಟನೆ, ಒಂದೇ ನಿಂದೆ ನಿಮ್ಮ ಪುಟದಲ್ಲಿ ಬರುತ್ತಿದ್ದರೆ ಪುಸ್ತಕ ಮುಚ್ಚಿ, ನಂಬಿಕೆಯವರೊಬ್ಬರೊಡನೆ ಬಾಯಿಬಿಟ್ಟು ಮಾತಾಡಿ. ನಿದ್ದೆ, ಊಟ ಕೆಟ್ಟಿದ್ದರೆ, ಬದುಕೇ ಬೇಡವೆನಿಸುತ್ತಿದ್ದರೆ ಮೂರು ಸಾಲಿನ ಬರವಣಿಗೆ ಅದಕ್ಕೆ ಮದ್ದಲ್ಲ, ವೈದ್ಯರ ನೆರವು ಬೇಕು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಸಂಸ್ಥೆ, ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಈ ಸಂಖ್ಯೆಯನ್ನು ಪ್ರತಿಯೊಂದು ತರಗತಿಯಲ್ಲೂ ನುಡಿಮುತ್ತಿನ ಪಕ್ಕದಲ್ಲಿ ಬರೆದಿಡಬೇಕೆಂದು ಶಿಕ್ಷಕರಲ್ಲಿ ನನ್ನ ವಿನಂತಿ.

ಇನ್ನು ಪಾಠಗಳು ಎಲ್ಲಿಯವರೆಗೆ? ಸೆನೆಕನ 33ನೆಯ ಪತ್ರದಲ್ಲಿ ಇದಕ್ಕೆ ಉತ್ತರವಿದೆ. ಕಾಣಿಕೆಯಂತೆ ಬರುತ್ತಿದ್ದ ಸಣ್ಣ ಮಾತುಗಳು ನಿಂತುಹೋದದ್ದನ್ನು ಕಂಡು, ಮೊದಲಿನಂತೆಯೇ ಕಳಿಸು ಎಂದು ಲುಸಿಲಿಯಸ್ ಕೇಳಿದ್ದಾನೆ. ಸೆನೆಕ ಒಪ್ಪುವುದಿಲ್ಲ. ಬಿಡಿ ಮಾತುಗಳನ್ನು ಕಂಠಪಾಠ ಮಾಡುವುದು ಎಳೆಯರಿಗೆ ಸರಿ. ಬೆಳೆದವನು ಟಿಪ್ಪಣಿ ಪುಸ್ತಕ ನೋಡಿ ಜ್ಞಾನಿಯಾಗುವುದು ನಾಚಿಕೆಯ ವಿಷಯ. ತನ್ನ ಪಂಥದ ಮೂಲಗುರುವಿನ ಹೆಸರನ್ನೇ ಎತ್ತಿ, ಜೀನೊ ಹೀಗೆಂದ, ಸರಿ, ನೀನು ಏನೆನ್ನುತ್ತೀಯೆ ಎಂದು ಅವನು ಗೆಳೆಯನನ್ನು ಕೇಳುತ್ತಾನೆ. ಎರಡು ವರ್ಷ ಈ ಅಭ್ಯಾಸ ನಡೆಸಿದ ಮೇಲೆ ನನಗೂ ಹೊರಗಿನ ಪಾಠ ಹುಡುಕುವ ಅಗತ್ಯ ಕಡಿಮೆಯಾಯಿತು. ಹಿಂದಿನ ತಿಂಗಳ ಪುಟಗಳಲ್ಲಿಯೇ ಮುಂದಿನ ತಿಂಗಳ ಪಾಠಗಳು ಸಿಗತೊಡಗಿದವು.

ಉಪನ್ಯಾಸ ಮುಗಿದ ಮೇಲೆ ಒಬ್ಬ ತಾಯಿ ಎದ್ದು ನಿಂತು, ಮಗಳು ಹೀಗೆ ಬರೆಯಲು ಶುರು ಮಾಡಿದರೆ ಅವಳಿಲ್ಲದಾಗ ನಾನು ಓದಬಹುದೇ, ಅವಳ ಒಳ್ಳೆಯದಕ್ಕೇ ಕೇಳುತ್ತಿದ್ದೇನೆ ಎಂದರು. ಬೇಡಮ್ಮ ಎಂದೆ. ಮಗಳ ಮುಖ, ಊಟ, ನಿದ್ದೆ, ಗೆಳತಿಯರು, ಇವು ತೆರೆದ ಪುಸ್ತಕಗಳು. ಅವುಗಳನ್ನು ದಿನವೂ ಓದಿ, ಅವುಗಳಲ್ಲಿ ಏನಾದರೂ ಕೆಟ್ಟದ್ದು ಕಂಡರೆ ಕುಳ್ಳಿರಿಸಿಕೊಂಡು ನೇರವಾಗಿ ಕೇಳಿ. ಆ ನೋಟ್‌ಬುಕ್ಕಿಗೆ ಕೈಹಾಕಬೇಡಿ. ಇನ್ನೊಂದು ನೋಟ್‌ಬುಕ್ ತಂದು ಅದರ ಮೇಲೆ ನಿಮ್ಮ ಹೆಸರು ಬರೆದು, ಅದೇ ಮೇಜಿನ ಮೇಲೆ, ಅವಳದರ ಪಕ್ಕದಲ್ಲಿಡಿ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಅದರಲ್ಲಿ ನಾನು ಏನು ಬರೆಯಲಿ ಎಂದು ಕೇಳಿದರು. ಈಗ ಮಗಳ ಪುಸ್ತಕ ಓದಬಹುದೇ ಎಂದು ಕೇಳಿದಿರಲ್ಲ, ಆ ಕ್ಷಣ ನಿಮ್ಮ ಮನಸ್ಸಿನಲ್ಲಿ ಏನಿತ್ತೋ ಅದರಿಂದಲೇ ಶುರು ಮಾಡಿ ಎಂದೆ.